ಸೊನ್ನೆಯಾದ ಮಳೆ

ಜಡಿಮಳೆಯ ಜುಲೈ ಲೆಕ್ಕ ಜೂನ್‌ಗಿಂತ ಕಡಿಮೆ ಬಂದರೆ ಮಲೆನಾಡಿನ ಯಾವ ಮಗು ತಾನೇ ನಂಬೀತು? ಕಂಪ್ಯೂಟರಿನ ಪರದೆ ನೋಡಿದ ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ಇದು ಸುಳ್ಳು ಸಾರ್, ಜುಲೈನಲ್ಲಿ ನಮ್ಮ ಗದ್ದೆ ಅಂಚೇ ಒಡೆದು ಹೋಗಿತ್ತು’ ಎಂದ.

ನಮ್ಮ ಶಾಲೆಯಂಗಳದಲ್ಲೊಂದು ಮಳೆಮಾಪಕವಿದೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ಬೆಳಗ್ಗೆ ಎಂಟೂವರೆಗೆ, ಮಕ್ಕಳು ಸರದಿಯಂತೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಕಳೆದ ವರ್ಷದ ಪುಸ್ತಕವನ್ನು ಅವರೇ ಕಂಪ್ಯೂಟರಿಗೆ ಏರಿಸಿದ್ದರು. ದಿನಕ್ಕೊಂದು ಸಾಲು, ಸಾಲಿನಲ್ಲಿ ತಿಂಗಳು, ತಾರೀಖು, ಮಿಲಿಮೀಟರು, ನಡುವೆ ಒಂದೊಂದು ಖಾಲಿ ಜಾಗ.

ಇಂಥ ಕಡತವನ್ನು ಕೂಡಲು ‘ಆಕ್’ ಎಂಬ ಪುಟ್ಟ ಭಾಷೆ ಸಾಕು. 1977ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆಹೊ, ವೈನ್‌ಬರ್ಗರ್, ಕರ್ನಿಹ್ಯಾನ್ ಎಂಬ ಮೂವರು ರೂಪಿಸಿದ್ದು. ಅವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವುದನ್ನು ನೋಡಿದ್ದೀರಲ್ಲ, ಇದೂ ಹಾಗೆಯೇ. ಒಂದೊಂದೇ ಸಾಲು ಓದುತ್ತದೆ, ಖಾಲಿ ಜಾಗವಿದ್ದಲ್ಲಿ ತುಂಡರಿಸುತ್ತದೆ, ಮೊದಲ ತುಂಡಿನಲ್ಲಿರುವ ತಿಂಗಳ ಗೂಡಿಗೆ ಮೂರನೇ ತುಂಡಿನ ಅಂಕಿಯನ್ನು ಸೇರಿಸುತ್ತದೆ. ಗೂಡನ್ನು ಮೊದಲೇ ಮಾಡಿಡಬೇಕಿಲ್ಲ. ಹೊಸ ತಿಂಗಳು ಕಂಡೊಡನೆ ತಾನೇ ಹುಟ್ಟುತ್ತದೆ. ಸಾಲುಗಳು ಮುಗಿದ ಮೇಲೆ ಪ್ರತಿ ಗೂಡಿನ ಮೊತ್ತ ತೋರಿಸು ಎಂದರಾಯಿತು. ಇಡೀ ಆಜ್ಞೆ ಒಂದೇ ಸಾಲು!

ಹಾಗಾದರೆ ಜುಲೈ ಮಳೆ ಹೋದದ್ದೆಲ್ಲಿ? ಕಡತ ತೆರೆದೆವು. ಆ ತಿಂಗಳ ಕಡೆಯ ಎರಡು ವಾರಗಳನ್ನು ಬೆರಳಚ್ಚು ಮಾಡಿದ ಹುಡುಗಿ ಅಂಕಿಗಳನ್ನೂ ಕನ್ನಡದಲ್ಲೇ ಹಾಕಿದ್ದಳು, ೪೨, ೬೮ ಎಂದು. ಅವಳದೇನೂ ತಪ್ಪಿಲ್ಲ. ಆಕ್‌ಗೆ ಗೊತ್ತಿರುವುದು ಇಂಗ್ಲಿಷ್ ಅಂಕಿ ಮಾತ್ರ. ಅದರಿಂದ ಶುರುವಾಗದ ಯಾವ ಪದ ಸಿಕ್ಕರೂ ಕೂಡುವಾಗ ಸೊನ್ನೆ ಎಂದುಕೊಳ್ಳುತ್ತದೆ; ತಕರಾರು ಎತ್ತುವುದಿಲ್ಲ. ತಕರಾರು ಎತ್ತಿದ್ದರೆ ಎಷ್ಟೋ ವಾಸಿಯಿತ್ತು.

ಹತ್ತು ಅಂಕಿಗಳನ್ನೂ ಬದಲಿಸುವ ಸೂಚನೆ ಸೇರಿಸಿದೆವು. ಜುಲೈ ತುಂಬಿಕೊಂಡಿತು. ಆದರೆ ಇನ್ನೊಂದು ಬಗೆಯ ಸೊನ್ನೆ ಉಳಿದಿತ್ತು. ರಜಾದಿನಗಳ ಸಾಲಿನಲ್ಲಿ ಮಕ್ಕಳು ‘ಅಳೆದಿಲ್ಲ’ ಎಂದು ಬರೆದಿದ್ದರು. ಮಳೆ ಬಾರದ ದಿನವೇ ಬೇರೆ, ಅಳೆಯದ ದಿನವೇ ಬೇರೆ. ಮರುದಿನ ಮಾಪಕದಲ್ಲಿ ಎರಡು ದಿನದ ನೀರಿರುವುದರಿಂದ ತಿಂಗಳ ಮೊತ್ತವೇನೋ ಸರಿಹೋದೀತು. 2.5 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಇಲಾಖೆ ‘ಮಳೆದಿನ’ ಎನ್ನುತ್ತದೆ. ಆ ಎಣಿಕೆ ಮಾತ್ರ ತಪ್ಪುತ್ತದೆ.

ಈಗ ನಮ್ಮ ಆಜ್ಞೆ ಮೂರು ಸಾಲಾಗಿದೆ. ಮೂರನೇ ತುಂಡು ಅಂಕಿ ಹೌದೋ ಅಲ್ಲವೋ ಎಂದು ಮೊದಲು ನೋಡುತ್ತದೆ. ಅಲ್ಲವಾದರೆ ಕೂಡದೆ, ಆ ಸಾಲಿನ ಸಂಖ್ಯೆ ತೋರಿಸುತ್ತದೆ. ಆ ಪಟ್ಟಿ ಹಿಡಿದು ಮಕ್ಕಳು ಮೂಲ ಪುಸ್ತಕದೊಂದಿಗೆ ತಾಳೆ ನೋಡುತ್ತಿದ್ದಾರೆ. ಗದ್ದೆ ಅಂಚು ಒಡೆದ ದಿನದ ಸಾಲೂ ಅದರಲ್ಲಿತ್ತು. ಅಂದು ಭಾನುವಾರ, ‘ಅಳೆದಿಲ್ಲ.’