ಕಲ್ಲಿನಿಂದ ಹಲ್ಲಿಗೆ

ಪೀಣ್ಯವನ್ನು ಹಿಂದಿಕ್ಕಿ ತುಮಕೂರು ಹೆದ್ದಾರಿಯಲ್ಲಿ ಸಾಗುವವನಿಗೆ ಎದುರಾಗುವ ಮಾದನಾಯಕನಹಳ್ಳಿಯಲ್ಲಿ, ಪಾಳಿ ಮುಗಿಸಿದ ಕಾರ್ಮಿಕರು ಸಕ್ಕರೆ ಮುಂದಾದ ಟೀಯನ್ನು ಗುಟುಕು ಗುಟುಕಾಗಿ ಹೀರುತ್ತ ನಿಂತಿರುವಾಗ, ಅವರವರ ಬಾಯೊಳಗೆ ನಿಶ್ಶಬ್ದವಾದೊಂದು ವ್ಯವಹಾರ ನಡೆದಿರುತ್ತದೆ. ಸಕ್ಕರೆಯನ್ನುಂಡ ಸೂಕ್ಷ್ಮಾಣುಗಳು ಆಮ್ಲವನ್ನುಂಟುಮಾಡುತ್ತವೆ. ಪಿಎಚ್ ಮಾನವು ಸುಮಾರು 5.5ಕ್ಕಿಂತ ಇಳಿದೊಡನೆ ಹಲ್ಲಿನ ಎನಾಮಲ್ ತನ್ನ ಕ್ಯಾಲ್ಸಿಯಂ, ಫಾಸ್ಫೇಟುಗಳನ್ನು ಬಿಟ್ಟುಕೊಡುತ್ತದೆ. ಗುಟುಕು ನಿಂತ ಮೇಲೆ ಜೊಲ್ಲು ಅವನ್ನು ಮರಳಿ ಕೂಡಿಸುತ್ತದೆ. ವ್ಯಯವು ಆಯವನ್ನು ಮೀರುತ್ತ ಬಂದರೆ ವಸಡಿನಂಚಿನಲ್ಲಿ ಸುಣ್ಣದ ಬೊಟ್ಟಿನಂತಹ, ಕಾಂತಿಹೀನವಾದ ಬಿಳಿಕಲೆಯೊಂದು ಮೂಡುವುದು. ಹುಳುಕಿನ ಮೊದಲ ಹೆಜ್ಜೆಯಿದು. ಮೇಲ್ಪದರ ಕುಸಿದು ಕುಳಿ ಬೀಳುವ ತನಕ ದುರಸ್ತಿಗೆ ಅವಕಾಶವುಂಟು.

ಈ ದುರಸ್ತಿಯ ವಿದ್ಯೆ ಹುಟ್ಟಿದುದೂ ಒಂದು ಕಲೆಯಿಂದಲೇ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕ್ಕೇ, ಊರವರ ಹಲ್ಲುಗಳ ಮೇಲಣ ಕಂದುಗಲೆಯನ್ನು ಕಂಡು ಬೆರಗಾಗಿ, ಕಲೆಗೊಂಡ ಆ ಹಲ್ಲುಗಳೇ ಹುಳುಕಿಗೆ ಬೇಗ ಮಣಿಯವೆಂಬುದನ್ನೂ ಗಮನಿಸಿ, ಕಾರಣವನ್ನರಸುತ್ತ ಮೂರು ದಶಕಗಳನ್ನು ಕಳೆದನು. ಕುಡಿಯುವ ನೀರಿನ ಫ್ಲೋರೈಡೇ ಅದೆಂದು 1931ರಲ್ಲಿ ತಿಳಿಯಪಡಿಸಿದವನು ರಸಾಯನಜ್ಞ ಎಚ್. ವಿ. ಚರ್ಚಿಲ್. ಹಿತಮಿತವಾದ ಫ್ಲೋರೈಡು, ಸವೆದ ಎನಾಮಲಿಗೆ ಖನಿಜವು ಮರಳಿ ಕೂಡಲು ನೆರವಾಗಿ, ಆಮ್ಲಕ್ಕೆ ಸುಲಭವಾಗಿ ಕರಗದ ಹರಳುಗಳನ್ನು ಕಟ್ಟುತ್ತದೆ. ಮುಂದೆ ಜಪಾನಿನವರು ಹಲ್ಲಿನ ಮೂಲದ್ರವ್ಯವನ್ನು ಹೋಲುವ ಹೈಡ್ರಾಕ್ಸಿಅಪಟೈಟನ್ನೇ ಪೇಸ್ಟಿನಲ್ಲಿ ಬೆರೆಸಿದರು. ಇದೇ ಹೆದ್ದಾರಿಯ ಬೆಂಗಳೂರು ತುದಿಗೆ ಸಮೀಪವಿರುವ ಭಾರತೀಯ ವಿಜ್ಞಾನ ಸಂಸ್ಥೆಯವರು, ಹುಳುಕಿಗಲ್ಲವಾದರೂ ಜುಮ್ಮೆನ್ನುವ ಹಲ್ಲಿಗಾಗಿ, ಕ್ಯಾಲ್ಸಿಯಂ ಸಿಲಿಕೇಟಿನ ಮಿಶ್ರಣವನ್ನು ಹೊತ್ತ ಅತಿಸೂಕ್ಷ್ಮ ಕಣಗಳನ್ನು ಅಯಸ್ಕಾಂತದ ಬಲದಿಂದ ಹಲ್ಲಿನ ಸಣ್ಣ ನಾಳಗಳೊಳಕ್ಕೆ ನಡೆಸಿದ ಪ್ರಯೋಗವನ್ನು 2025ರಲ್ಲಿ ಪ್ರಕಟಿಸಿದರು.

ಆದರೆ ಅದೇ ದಾರಿಯನ್ನು ಎದುರು ದಿಕ್ಕಿಗೆ ಹಿಡಿದು, ತುಮಕೂರನ್ನೂ ದಾಟಿ ಪಾವಗಡದ ಕಡೆಗೆ ಹೋದವನಿಗೆ ಈ ಕಥೆಯ ಇನ್ನೊಂದು ಮುಖ ಕಾಣುವುದು. ಶಿಲೆಯಿಂದ ಕೊಳವೆಬಾವಿಗಿಳಿದ ಫ್ಲೋರೈಡು ಅಲ್ಲಿ ಮಿತಿಮೀರಿ, ಹಲ್ಲನ್ನು ಕಂದಾಗಿಸಿ, ಕೀಲುಗಳನ್ನೂ ಬಿಗಿಯಾಗಿಸಿದೆ. ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ನೀರೇ ಇಲ್ಲದಿದ್ದಲ್ಲಿ 1.5 ಎಂದು ಭಾರತೀಯ ಮಾನಕವು ಗೆರೆಯೆಳೆದಿರುವುದು ಇದಕ್ಕಾಗಿಯೇ. ಕಲ್ಲು ನೈಸರ್ಗಿಕವೆಂಬ ಮಾತ್ರಕ್ಕೆ ಔಷಧವಾಗದು. ಅದನ್ನು ಔಷಧವಾಗಿಸುವುದು ಅಳತೆ.

ಅಳತೆ ಟೀಗೂ ಇದೆ. ಯಾವ ಖನಿಜವನ್ನು ಹಚ್ಚಿದರೂ, ಎರಡು ಲೋಟಗಳ ನಡುವೆ ಜೊಲ್ಲಿಗೆ ತನ್ನ ಕೆಲಸ ಮಾಡಲು ಬಿಡುವು ಸಿಗದಿದ್ದರೆ, ಸುಣ್ಣದ ಆ ಬೊಟ್ಟು ಅಳಿಯದು.