ನಿಮಗಿದು ಗೊತ್ತೆ? ‘ಮೊದಲನೆಯದು’ ಎನ್ನಲೂ ಆಧಾರ ಬೇಕು!

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರ ಸಂಘವನ್ನು ‘ಏಷ್ಯಾದಲ್ಲೇ ಮೊದಲನೆಯದು’ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ತಮಿಳುನಾಡಿನ ತಿರೂರಿನವರು ತಮ್ಮ ಸಂಘ 1904ರಲ್ಲೇ ನೋಂದಣಿಯಾಯಿತು ಎನ್ನುತ್ತಾರೆ. ಇಂಥ ಮಾತು ವಿಕಿಪೀಡಿಯಕ್ಕೆ ಬಂದರೆ ತೀರ್ಮಾನ ಯಾರದು?

ಅಲ್ಲಿ ಪ್ರಧಾನ ಸಂಪಾದಕರೇ ಇಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಬರೆಯುವವರೂ ತಿದ್ದುವವರೂ ಸ್ವಯಂಸೇವಕರು. ಒಬ್ಬರು ಸೇರಿಸಿದ್ದನ್ನು ಇನ್ನೊಬ್ಬರು ಅಳಿಸಬಹುದು. ಜಗಳ ಹತ್ತಿದರೆ ಲೇಖನದ ಬೆನ್ನಿಗಿರುವ ‘ಚರ್ಚೆ’ ಪುಟದಲ್ಲಿ ಕೂತು ಮಾತಾಡಬೇಕು. ಯಾರು, ಯಾವಾಗ, ಯಾವ ಪದ ಬದಲಿಸಿದರು ಎಂಬುದು ‘ಇತಿಹಾಸ’ದಲ್ಲಿ ಗಂಟೆ-ನಿಮಿಷ ಸಮೇತ ದಾಖಲಾಗುತ್ತದೆ. ಗೆಲ್ಲಬೇಕಾದದ್ದು ದೊಡ್ಡ ದನಿಯಲ್ಲ, ಪ್ರಕಟಿತ ಆಧಾರ.

ನಿಮ್ಮೂರಿನ ಲೇಖನದಲ್ಲಿ ತಪ್ಪು ಕಂಡರೆ ಸುಮ್ಮನಿರಬೇಡಿ. ಆಧಾರ ಕೊಟ್ಟು ತಿದ್ದಿ.