ಮನೆಯಲ್ಲಿ ತಯಾರಿಸುವ ಆಂಪ್ಲಿಫೈಯರಿನ ವಿದ್ಯುತ್ ಪೂರೈಕೆ ಮತ್ತು ಹೀಟ್‌ಸಿಂಕ್

ಹವ್ಯಾಸಿಗಳು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಆಂಪ್ಲಿಫೈಯರಿನಲ್ಲಿ (ಶ್ರವ್ಯ ವರ್ಧಕ) ಧ್ವನಿಸಂಕೇತವನ್ನು ಹಿಗ್ಗಿಸುವ ಮಂಡಲದ ಜೊತೆಗೆ ಇನ್ನೆರಡು ಭಾಗಗಳು ಇದ್ದೇ ಇರುತ್ತವೆ. ಗೋಡೆಯ ಸಾಕೆಟ್ಟಿನಿಂದ ಬರುವ ೨೩೦ ವೋಲ್ಟ್ ಪರ್ಯಾಯ ವಿದ್ಯುತ್ತನ್ನು ಮಂಡಲಕ್ಕೆ ತಕ್ಕ ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತಾಗಿ ಮಾರ್ಪಡಿಸುವುದು ವಿದ್ಯುತ್ ಪೂರೈಕೆ. ಟ್ರಾನ್ಸಿಸ್ಟರ್ ಅಥವಾ ಐ.ಸಿ.ಯಲ್ಲಿ ಹುಟ್ಟುವ ಶಾಖವನ್ನು ಹೀರಿಕೊಂಡು ಗಾಳಿಗೆ ಬಿಡುವ ಲೋಹದ ಅಂಗ ಹೀಟ್‌ಸಿಂಕ್ (ಶಾಖಶೋಷಕ). ಅಂಗಡಿಯಲ್ಲಿ ಸಿದ್ಧ ಬೋರ್ಡು ಅಗ್ಗವಾಗಿ ದೊರೆಯುತ್ತದೆ. ಆದರೆ ಈ ಎರಡು ಭಾಗಗಳನ್ನು ಕೊಳ್ಳುವವನೇ ಲೆಕ್ಕ ಹಾಕಿ ಆರಿಸಬೇಕು. ಮನೆಯಲ್ಲಿ ಕಟ್ಟಿದ ವರ್ಧಕಗಳು ಸುಟ್ಟುಹೋಗುವುದಕ್ಕೆ ಬೋರ್ಡಿನ ದೋಷಕ್ಕಿಂತ ಈ ಆಯ್ಕೆಯ ದೋಷವೇ ಹೆಚ್ಚಾಗಿ ಕಾರಣವಾಗಿರುತ್ತದೆ.

ಧ್ವನಿವರ್ಧಕ ಎಂಬ ಕನ್ನಡ ಪದವು ರೂಢಿಯಲ್ಲಿ ಲೌಡ್‌ಸ್ಪೀಕರಿಗೆ ಸಲ್ಲುತ್ತಿರುವುದರಿಂದ ಈ ಲೇಖನದಲ್ಲಿ ಆಂಪ್ಲಿಫೈಯರಿಗೆ ವರ್ಧಕ ಎಂಬ ಪದವನ್ನು ಮಾತ್ರ ಬಳಸಲಾಗಿದೆ.

ಪರಿವರ್ತಕದ ವೋಲ್ಟೇಜು

ಪರಿವರ್ತಕದ (ಟ್ರಾನ್ಸ್‌ಫಾರ್ಮರ್) ಮೇಲೆ ಬರೆದಿರುವ ವೋಲ್ಟೇಜು ಪರ್ಯಾಯ ವಿದ್ಯುತ್ತಿನ ಪರಿಣಾಮಕಾರಿ ಮೌಲ್ಯವಾಗಿದೆ. ಡಯೋಡುಗಳನ್ನು ದಾಟಿ ಕೆಪಾಸಿಟರಿನಲ್ಲಿ ತುಂಬಿಕೊಳ್ಳುವುದು ಅದರ ಶಿಖರ ಮೌಲ್ಯ. ಶಿಖರ ಮೌಲ್ಯವು ಬರೆದ ಮೌಲ್ಯದ ೧.೪೧೪ ಪಟ್ಟು ಇರುತ್ತದೆ. ಡಯೋಡಿನಲ್ಲಿ ಸುಮಾರು ೦.೭ ವೋಲ್ಟ್ ಕಳೆಯುತ್ತದೆ. ಇದರ ಜೊತೆಗೆ ಹೊಸಬರು ಮರೆಯುವ ಇನ್ನೆರಡು ಸಂಗತಿಗಳಿವೆ. ಸಣ್ಣ ಪರಿವರ್ತಕಗಳು ಭಾರವಿಲ್ಲದಾಗ ಬರೆದಿದ್ದಕ್ಕಿಂತ ಶೇಕಡಾ ೧೦ರಷ್ಟು ಅಥವಾ ಅದಕ್ಕೂ ಹೆಚ್ಚು ವೋಲ್ಟೇಜು ಕೊಡುತ್ತವೆ. ಸಾಲಿನ ವೋಲ್ಟೇಜು ಕೂಡ ಸ್ಥಿರವಲ್ಲ. ಊರಿನ ಬಳಕೆ ಇಳಿದ ಹೊತ್ತಿನಲ್ಲಿ ೨೫೦ ವೋಲ್ಟ್ ತಲುಪುವ ಮನೆಗಳಿವೆ.

ಭಾರತದ ಬಿಡಿಭಾಗಗಳ ಅಂಗಡಿಗಳಲ್ಲಿ ಬಹುಕಾಲದಿಂದ ಮಾರಾಟವಾಗುತ್ತಿರುವ ೪೪೪೦ ಬೋರ್ಡನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರಲ್ಲಿರುವುದು ಜಪಾನಿನ ಸ್ಯಾನ್ಯೋ ಸಂಸ್ಥೆಯು ರೂಪಿಸಿದ ಎಲ್‌ಎ ೪೪೪೦ ಎಂಬ ಐ.ಸಿ. ಕಾರಿನ ಬ್ಯಾಟರಿಗೆ ಹೊಂದುವಂತೆ ೧೩.೨ ವೋಲ್ಟಿನಲ್ಲಿ ಕೆಲಸ ಮಾಡುವುದಕ್ಕಾಗಿ ಇದನ್ನು ವಿನ್ಯಾಸಗೊಳಿಸಲಾಗಿದೆ. ನುಡಿಯುವಾಗ ಮೀರಬಾರದ ಮಿತಿ ೧೮ ವೋಲ್ಟ್. ಇದಕ್ಕೆ ವಾಡಿಕೆಯಂತೆ ೧೨-೦-೧೨ ಪರಿವರ್ತಕವನ್ನು ಜೋಡಿಸುತ್ತಾರೆ. ಎರಡು ಡಯೋಡು ಬಳಸಿದರೆ, ಪೂರ್ಣ ಭಾರದಲ್ಲಿ ೧೬.೩ ವೋಲ್ಟ್ ದೊರೆಯುತ್ತದೆ. ಕಾಗದದ ಮೇಲೆ ಎಲ್ಲವೂ ಸರಿ. ವಾಲ್ಯೂಮ್ ತಗ್ಗಿಸಿದಾಗ ಅದು ೧೮ ವೋಲ್ಟಿಗೆ ಏರುತ್ತದೆ. ಸಾಲಿನಲ್ಲಿ ೨೫೦ ವೋಲ್ಟ್ ಇದ್ದರೆ ೧೯.೬ ವೋಲ್ಟ್ ಆಗುತ್ತದೆ. ಹಗಲೆಲ್ಲ ಚೆನ್ನಾಗಿ ಹಾಡಿದ ವರ್ಧಕವು ನಡುರಾತ್ರಿಯಲ್ಲಿ, ಅದೂ ಮೆಲುದನಿಯಲ್ಲಿರುವಾಗ ಕೆಟ್ಟುಹೋಗುವುದರ ಹಿಂದೆ ಅನೇಕ ವೇಳೆ ಇರುವ ಗುಟ್ಟು ಇದೇ. ೯-೦-೯ ಪರಿವರ್ತಕವನ್ನು ಆರಿಸಿದರೆ ಭಾರದಲ್ಲಿ ೧೨ ವೋಲ್ಟ್, ಅತಿ ಕೆಟ್ಟ ಸಂದರ್ಭದಲ್ಲಿಯೂ ೧೪.೫ ವೋಲ್ಟ್ ಮಾತ್ರ ಬರುತ್ತದೆ. ಸದ್ದು ಕೊಂಚ ತಗ್ಗಬಹುದು, ಕಿವಿಗೆ ಅದು ಗೊತ್ತಾಗುವುದು ಕಷ್ಟ. ಇನ್ನು ೧೨-೦-೧೨ರ ಎರಡು ತುದಿಗಳನ್ನು ನಡುತಂತಿ ಬಿಟ್ಟು ಬ್ರಿಡ್ಜಿಗೆ ಕೊಟ್ಟವರ ಬೋರ್ಡಿಗೆ ೩೨ ವೋಲ್ಟಿಗಿಂತ ಹೆಚ್ಚು ಬೀಳುತ್ತದೆ; ಅದು ಕ್ಷಣಮಾತ್ರದಲ್ಲಿ ಸಾಯುತ್ತದೆ.

ಎರಡು ಧ್ರುವಗಳ ಪೂರೈಕೆ ಬೇಡುವ ವರ್ಧಕಗಳಿಗೂ ಲೆಕ್ಕ ಇದೇ. ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ ಎಲ್‌ಎಮ್ ೩೮೮೬ ಎಂಬ ಐ.ಸಿ. ಹವ್ಯಾಸಿಗಳಲ್ಲಿ ಬಹು ಪ್ರಸಿದ್ಧವಾದುದು. ಧನ ಮತ್ತು ಋಣ ಸಾಲುಗಳ ನಡುವೆ ಒಟ್ಟು ೮೪ ವೋಲ್ಟ್ ಇದರ ಮಿತಿ. ೧೮-೦-೧೮ ಪರಿವರ್ತಕದಿಂದ ಭಾರದಲ್ಲಿ ಸಾಲಿಗೆ ಸುಮಾರು ೨೪.೫ ವೋಲ್ಟ್ ಬರುತ್ತದೆ. ಅತಿ ಕೆಟ್ಟ ಸಂದರ್ಭದಲ್ಲಿ ಎರಡೂ ಸಾಲು ಸೇರಿ ೬೦ ವೋಲ್ಟಿನೊಳಗೆ ಇರುತ್ತದೆ. ೨೪-೦-೨೪ ಪರಿವರ್ತಕದಲ್ಲಿ ಅದೇ ಲೆಕ್ಕ ೮೦ ವೋಲ್ಟನ್ನು ಮುಟ್ಟುತ್ತದೆ. ಬೋರ್ಡು ಮಾರುವವರು ಎರಡನೆಯದನ್ನೇ ಶಿಫಾರಸು ಮಾಡುವುದುಂಟು, ಹೆಚ್ಚು ವ್ಯಾಟ್ ಎಂದು ಹೇಳಿಕೊಳ್ಳಲು ಅನುಕೂಲವಾಗುತ್ತದೆ. ೮ ಓಮ್ ಸ್ಪೀಕರು, ಸಾಧಾರಣ ಗಾತ್ರದ ಕೋಣೆ ಇರುವವರಿಗೆ ೧೮-೦-೧೮ ಸಾಕು. ಇದರಿಂದ ಪ್ರತಿ ಸ್ಪೀಕರಿಗೆ ಸುಮಾರು ೨೭ ವ್ಯಾಟ್ ದೊರೆಯುತ್ತದೆ.

ಪರಿವರ್ತಕದ ಸಾಮರ್ಥ್ಯ

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಪರಿವರ್ತಕವನ್ನು ವೋಲ್ಟ್-ಆಂಪಿಯರ್ ಲೆಕ್ಕದಲ್ಲಿ ಕೇಳುವವರು ಕಡಿಮೆ. ಅಲ್ಲಿಯ ಮಾತು ‘ಹದಿನೆಂಟು ಸೊನ್ನೆ ಹದಿನೆಂಟು, ಐದು ಆಂಪ್’ ಎಂದಿರುತ್ತದೆ. ೩೬ನ್ನು ೫ರಿಂದ ಗುಣಿಸಿದರೆ ೧೮೦ ವೋಲ್ಟ್-ಆಂಪಿಯರ್ ಆಯಿತು. ಮೇಲೆ ಹೇಳಿದ ಎರಡು ಚಾನೆಲ್ಲಿನ ವರ್ಧಕಕ್ಕೆ ಇದು ಸಾಕಾಗುತ್ತದೆ. ಸ್ಪೀಕರುಗಳಿಗೆ ಹೋಗುವ ೫೫ ವ್ಯಾಟಿಗೆ ವರ್ಧಕದ ದಕ್ಷತೆಯನ್ನು ಶೇಕಡಾ ೬೦ ಎಂದು ಹಿಡಿದರೆ ಪೂರೈಕೆಯು ೯೨ ವ್ಯಾಟ್ ಕೊಡಬೇಕು. ಕೆಪಾಸಿಟರು ಪ್ರತಿ ಅಲೆಯ ತುದಿಯಲ್ಲಿ ಮಾತ್ರ ಗಬಕ್ಕನೆ ವಿದ್ಯುತ್ತನ್ನು ಎಳೆದುಕೊಳ್ಳುವುದರಿಂದ ಪರಿವರ್ತಕದ ತಂತಿಯು ಸರಾಸರಿಗಿಂತ ಹೆಚ್ಚು ಕಾಯುತ್ತದೆ. ಆದಕಾರಣ ಲೆಕ್ಕಕ್ಕೆ ಬಂದ ವ್ಯಾಟಿನ ಒಂದೂವರೆ ಪಟ್ಟಿಗೆ ಕಡಿಮೆಯಿಲ್ಲದ ಪರಿವರ್ತಕವನ್ನು ಆರಿಸುವುದು ಕ್ಷೇಮ.

ಹೆಸರಿಗೆ ಐದು ಆಂಪ್ ಎಂದು ಬರೆದ ಮಾತ್ರಕ್ಕೆ ಅದು ಐದು ಆಂಪಿಯರ್ ಕೊಡುತ್ತದೆ ಎನ್ನುವಂತಿಲ್ಲ. ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿದ ಅಗ್ಗದ ಪರಿವರ್ತಕಗಳೂ ಪೇಟೆಯಲ್ಲಿವೆ. ಕೈಯಲ್ಲಿ ಎತ್ತಿ ನೋಡುವುದು ಹಳೆಯ ಉಪಾಯವಾದರೂ ಒಳ್ಳೆಯ ಉಪಾಯ. ಒಂದೇ ಬರಹವಿರುವ ಎರಡು ಪರಿವರ್ತಕಗಳಲ್ಲಿ ತೂಕದ್ದೇ ಸಾಮಾನ್ಯವಾಗಿ ಹೆಚ್ಚು ತಾಳಿಕೆಯದು. ಬಳೆಯಾಕಾರದ ಟೊರಾಯಿಡ್ ಪರಿವರ್ತಕವು ಹೊರಗೆ ಚೆಲ್ಲುವ ಕಾಂತಕ್ಷೇತ್ರ ಕಡಿಮೆ, ಆದ್ದರಿಂದ ಗುಂಯ್‌ಗುಡುವ ಸದ್ದು ಸ್ಪೀಕರಿನಲ್ಲಿ ಕೇಳಿಸುವ ಸಂಭವವೂ ಕಡಿಮೆ. ಬೆಲೆ ಮಾತ್ರ ಹೆಚ್ಚು. ಅದನ್ನು ಬಿಗಿಯುವ ನಡುವಣ ಬೋಲ್ಟಿನ ಎರಡೂ ತುದಿಗಳು ಲೋಹದ ಪೆಟ್ಟಿಗೆಯನ್ನು ಮುಟ್ಟಬಾರದು. ಮುಟ್ಟಿದರೆ ಬೋಲ್ಟೇ ಒಂದು ಸುತ್ತಿನ ತಂತಿಯಾಗಿ ಪರಿವರ್ತಕವನ್ನು ಸುಡುತ್ತದೆ.

ಡಯೋಡು, ಕೆಪಾಸಿಟರು, ಫ್ಯೂಸು

೧ಎನ್ ೪೦೦೭ ಡಯೋಡು ಒಂದು ಆಂಪಿಯರಿನದು, ಇಲ್ಲಿ ಸಾಲದು. ೩ ಆಂಪಿಯರಿನ ೧ಎನ್ ೫೪೦೮ ಸಣ್ಣ ವರ್ಧಕಕ್ಕೆ ಆದೀತು. ಕೆಬಿಪಿಸಿ ೨೫೧೦ ಎಂಬ ೨೫ ಆಂಪಿಯರಿನ ಚೌಕ ಬ್ರಿಡ್ಜನ್ನು ಪೆಟ್ಟಿಗೆಯ ತಳಕ್ಕೆ ಬಿಗಿದುಬಿಟ್ಟರೆ ಮತ್ತೆ ಆ ಕಡೆ ನೋಡಬೇಕಾಗಿಲ್ಲ.

ಕೆಪಾಸಿಟರಿನ (ಧಾರಕ) ಕೆಲಸವು ಅಲೆ ಅಲೆಯಾಗಿ ಬರುವ ವಿದ್ಯುತ್ತನ್ನು ಕೆರೆಯಂತೆ ತುಂಬಿಟ್ಟುಕೊಂಡು ಸಮವಾಗಿ ಹರಿಸುವುದು. ೫೦ ಹರ್ಟ್ಸ್ ಸಾಲಿನಲ್ಲಿ ಪೂರ್ಣ ಅಲೆಯ ಏಕಮುಖಕವು ಸೆಕೆಂಡಿಗೆ ೧೦೦ ಬಾರಿ ಅದನ್ನು ತುಂಬುತ್ತದೆ. ೧೦,೦೦೦ ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ ೧ ಆಂಪಿಯರ್ ಎಳೆದರೆ ಎರಡು ತುಂಬುವಿಕೆಗಳ ನಡುವೆ ಸುಮಾರು ೧ ವೋಲ್ಟ್ ಇಳಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಉಳಿದದ್ದು ತ್ರೈರಾಶಿಕ. ನಮ್ಮ ಉದಾಹರಣೆಯ ವರ್ಧಕವು ಪೂರ್ಣ ಶಕ್ತಿಯಲ್ಲಿ ಪ್ರತಿ ಸಾಲಿನಿಂದ ೧.೭ ಆಂಪಿಯರ್ ಎಳೆಯುತ್ತದೆ. ಸಾಲಿಗೆ ೪,೭೦೦ ಮೈಕ್ರೋಫ್ಯಾರಡ್ ಇಟ್ಟರೆ ಏರಿಳಿತ ೩.೬ ವೋಲ್ಟ್, ೧೦,೦೦೦ ಇಟ್ಟರೆ ೧.೭ ವೋಲ್ಟ್. ಅಲ್ಲಿಂದ ಮುಂದೆ ದುಪ್ಪಟ್ಟು ಮಾಡಿದಷ್ಟೂ ಲಾಭ ಅರ್ಧಕ್ಕಿಳಿಯುತ್ತದೆ, ಸ್ವಿಚ್ಚು ಹಾಕಿದ ಕ್ಷಣದ ವಿದ್ಯುತ್ ನುಗ್ಗಾಟ ಮಾತ್ರ ಏರುತ್ತದೆ.

೩೦ ವೋಲ್ಟ್ ತಲುಪಬಹುದಾದ ಸಾಲಿಗೆ ೩೫ ವೋಲ್ಟಿನ ಕೆಪಾಸಿಟರು ತೀರ ಅಂಚಿನದು. ೫೦ ವೋಲ್ಟಿನದನ್ನು ಕೊಳ್ಳಬೇಕು. ೮೫ ಮತ್ತು ೧೦೫ ಡಿಗ್ರಿಯವೆಂದು ಎರಡು ಬಗೆ ದೊರೆಯುತ್ತವೆ. ಬಿಸಿ ೧೦ ಡಿಗ್ರಿ ಕಡಿಮೆಯಾದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಆದ್ದರಿಂದ ಅದನ್ನು ಹೀಟ್‌ಸಿಂಕಿನ ಮಗ್ಗುಲಲ್ಲಿ ನಿಲ್ಲಿಸಬಾರದು. ಪ್ರತಿ ಕೆಪಾಸಿಟರಿಗೆ ಅಡ್ಡಲಾಗಿ ೨.೨ ಕಿಲೋ ಓಮಿನ ೧ ವ್ಯಾಟ್ ರೋಧಕವನ್ನು ಬೆಸೆದಿದ್ದರೆ ಸ್ವಿಚ್ಚು ಆರಿಸಿದ ಸುಮಾರು ಎರಡು ನಿಮಿಷದಲ್ಲಿ ಅದು ತಾನಾಗಿ ಬರಿದಾಗುತ್ತದೆ. ಸ್ಪ್ಯಾನರು ತಾಗಿಸಿ ಕಿಡಿ ಹಾರಿಸಿ ಬರಿದು ಮಾಡುವ ಅಭ್ಯಾಸವು ಕಣ್ಣಿಗೂ ಕೆಪಾಸಿಟರಿಗೂ ಕೇಡು.

ಪರಿವರ್ತಕದ ೨೩೦ ವೋಲ್ಟಿನ ಬದಿಯಲ್ಲಿ, ಸ್ವಿಚ್ಚಿಗೂ ಮೊದಲು, ೧ ಆಂಪಿಯರಿನ ನಿಧಾನ ಕರಗುವ ಫ್ಯೂಸು ಇರಲೇಬೇಕು. ಲೋಹದ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ಗಿನ ಭೂಸಂಪರ್ಕ ಕೊಡಬೇಕು. ಗುಂಯ್ ಸದ್ದು ಹೋಗಲೆಂದು ಆ ತಂತಿಯನ್ನು ಕತ್ತರಿಸುವ ಸಲಹೆಯನ್ನು ಅಂಗಡಿಯವರಿಂದಲೂ ಗೆಳೆಯರಿಂದಲೂ ಕೇಳಬಹುದು. ಸದ್ದು ಹೋಗುವುದೂ ನಿಜ. ಮುಂದೊಂದು ದಿನ ಪರಿವರ್ತಕದ ಒಳಗಿನ ಹೊದಿಕೆ ಸುಟ್ಟು ೨೩೦ ವೋಲ್ಟ್ ಪೆಟ್ಟಿಗೆಗೆ ಬಂದಾಗ, ಫ್ಯೂಸು ಹಾರುವುದಿಲ್ಲ. ವಾಲ್ಯೂಮ್ ಗುಂಡಿ ಮುಟ್ಟಿದವರ ಮೈಯ ಮೂಲಕ ವಿದ್ಯುತ್ತು ನೆಲ ಸೇರುತ್ತದೆ. ಆ ಸದ್ದಿಗೆ ಮದ್ದು ಬೇರೆಯಿದೆ: ಸಂಕೇತದ, ಸ್ಪೀಕರಿನ, ಪೂರೈಕೆಯ ನೆಲತಂತಿಗಳನ್ನು ಸರಪಣಿಯಂತೆ ಒಂದಕ್ಕೊಂದು ಪೋಣಿಸದೆ, ಎರಡು ಕೆಪಾಸಿಟರುಗಳು ಕೂಡುವ ನಡುಬಿಂದುವಿನ ಪಕ್ಕದ ಒಂದೇ ಸ್ಥಾನಕ್ಕೆ ತರುವುದು.

ಶಾಖದ ಲೆಕ್ಕ

ಶಾಖದ ಹರಿವನ್ನು ವಿದ್ಯುತ್ತಿನ ಹರಿವಿನಂತೆಯೇ ಎಣಿಸಬಹುದು. ವ್ಯಾಟ್ ಎಂಬುದು ಪ್ರವಾಹ, ತಾಪದ ವ್ಯತ್ಯಾಸವೇ ವೋಲ್ಟೇಜು, ದಾರಿಯ ಅಡ್ಡಿಯೇ ಶಾಖರೋಧ. ಶಾಖರೋಧವನ್ನು ವ್ಯಾಟಿಗೆ ಇಷ್ಟು ಡಿಗ್ರಿ ಎಂದು ಹೇಳುತ್ತಾರೆ. ಸಿಲಿಕಾನಿನಿಂದ ಹೊರಕವಚಕ್ಕೆ, ಅಲ್ಲಿಂದ ಅಭ್ರಕದ (ಮೈಕಾ) ಹಾಳೆಯ ಮೂಲಕ ಹೀಟ್‌ಸಿಂಕಿಗೆ, ಕೊನೆಗೆ ಗಾಳಿಗೆ, ಹೀಗೆ ಮೂರು ಅಡ್ಡಿಗಳು ಸಾಲಾಗಿವೆ.

ವರ್ಧಕವು ಅತಿ ಹೆಚ್ಚು ಕಾಯುವುದು ಪೂರ್ಣ ವಾಲ್ಯೂಮಿನಲ್ಲಿ ಅಲ್ಲ. ಸಾಮಾನ್ಯ ಎಬಿ ವರ್ಗದ ವರ್ಧಕದಲ್ಲಿ ಶುದ್ಧ ಸ್ವರವೊಂದನ್ನು ನುಡಿಸಿದಾಗ ಪೂರ್ಣ ಶಕ್ತಿಯ ಶೇಕಡಾ ೪೦ರ ಆಸುಪಾಸಿನಲ್ಲಿ ಗರಿಷ್ಠ ಶಾಖ ಹುಟ್ಟುತ್ತದೆ. ಅದರ ಮೊತ್ತವನ್ನು ತಿಳಿಯಲು ಎರಡು ಸಾಲುಗಳ ಒಟ್ಟು ವೋಲ್ಟೇಜಿನ ವರ್ಗವನ್ನು, ಸ್ಪೀಕರಿನ ಓಮಿನ ೧೯.೭ ಪಟ್ಟಿನಿಂದ ಭಾಗಿಸಬೇಕು. ಒಟ್ಟು ೫೦ ವೋಲ್ಟ್, ೮ ಓಮ್ ಆದರೆ ೧೫.೮ ವ್ಯಾಟ್. ಸುಮ್ಮನಿರುವಾಗಲೂ ಐ.ಸಿ. ಎಳೆಯುವ ಸುಮಾರು ೨.೫ ವ್ಯಾಟ್ ಸೇರಿಸಿ ೧೮ ವ್ಯಾಟ್ ಎನ್ನೋಣ. ಅದೇ ವರ್ಧಕಕ್ಕೆ ೪ ಓಮಿನ ಸ್ಪೀಕರು ಹಾಕಿದರೆ ಶಾಖ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹಬ್ಬದ ದಿನ ಎರಡು ಸ್ಪೀಕರುಗಳ ಜಾಗದಲ್ಲಿ ನಾಲ್ಕನ್ನು ಸಮಾಂತರವಾಗಿ ಸಿಕ್ಕಿಸಿದಾಗ ಆಗುವುದೂ ಅದೇ.

ಎರಡು ಚಾನೆಲ್ಲುಗಳಿಗೆ ಒಂದೇ ಹೀಟ್‌ಸಿಂಕ್ ಎಂದರೆ ೩೬ ವ್ಯಾಟ್. ಸುತ್ತಲ ಗಾಳಿ ೪೦ ಡಿಗ್ರಿ ಸೆಲ್ಸಿಯಸ್ ಇದ್ದಾಗ ಹೀಟ್‌ಸಿಂಕ್ ೭೦ ಡಿಗ್ರಿ ಮೀರಬಾರದೆಂದರೆ, ೩೦ನ್ನು ೩೬ರಿಂದ ಭಾಗಿಸಿ ಸುಮಾರು ೦.೮ ಡಿಗ್ರಿ ಶಾಖರೋಧದ ಹೀಟ್‌ಸಿಂಕ್ ಬೇಕು. ಎಲ್‌ಎಮ್ ೩೮೮೬ರ ಒಳಗಿನ ಶಾಖರೋಧ ೧ ಡಿಗ್ರಿ, ಅಭ್ರಕ ಮತ್ತು ಪೇಸ್ಟಿನದು ೦.೫ ಡಿಗ್ರಿ ಎಂದಿಟ್ಟುಕೊಂಡರೆ ಸಿಲಿಕಾನಿನ ತಾಪ ೭೦ಕ್ಕೆ ೨೭ ಕೂಡಿ ೯೭ ಡಿಗ್ರಿ. ಇದು ನೆಮ್ಮದಿಯ ಸ್ಥಿತಿ. ಬೆಂಗಳೂರಿನಲ್ಲಿ ಗಾಳಿಯನ್ನು ೩೫ ಡಿಗ್ರಿ ಎಂದು ಹಿಡಿಯಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮುಚ್ಚಿದ ಷೋಕೇಸಿನೊಳಗೆ ಇಡುವ ವರ್ಧಕಕ್ಕೆ ೫೦ ಎಂದೇ ಹಿಡಿಯಬೇಕು. ಪರದೇಶದ ಪುಸ್ತಕಗಳು ೨೫ ಡಿಗ್ರಿಯ ಗಾಳಿಗೆ ಕೊಡುವ ಹೀಟ್‌ಸಿಂಕಿನ ಅಳತೆಗಳನ್ನು ನಮ್ಮಲ್ಲಿ ಹಾಗೆಯೇ ನಕಲು ಮಾಡುವಂತಿಲ್ಲ.

ಟ್ರಾನ್ಸಿಸ್ಟರಿನ ವಿವರಪತ್ರದ ವ್ಯಾಟನ್ನೂ ಎಚ್ಚರದಿಂದ ಓದಬೇಕು. ತೋಷಿಬಾದ ೨ಎಸ್‌ಸಿ ೫೨೦೦ಗೆ ೧೫೦ ವ್ಯಾಟ್ ಎಂದಿದೆ. ಆದರೆ ಅದು ಕವಚವು ೨೫ ಡಿಗ್ರಿಯಲ್ಲಿದ್ದಾಗಿನ ಮಾತು. ಕವಚ ೭೫ ಡಿಗ್ರಿಗೆ ಬಂದರೆ ಉಳಿಯುವುದು ೯೦ ವ್ಯಾಟ್. ಅದರ ನಕಲಿಗಳಂತೂ ಪೇಟೆಯಲ್ಲಿ ಧಾರಾಳವಾಗಿವೆ. ಅಸಲಿಯ ಅರ್ಧ ಬೆಲೆಗೆ ಸಿಕ್ಕಿದರೆ ಸಂಶಯಪಡುವುದೇ ಲೇಸು.

ಹೀಟ್‌ಸಿಂಕಿನ ಆಯ್ಕೆ ಮತ್ತು ಜೋಡಣೆ

ಫ್ಯಾನಿಲ್ಲದೆ ಬಳಸುವ ಅಲ್ಯೂಮಿನಿಯಂ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ೬ರಿಂದ ೧೦ ಮಿಲಿಮೀಟರ್ ಅಂತರವಿರಬೇಕು. ಕಂಪ್ಯೂಟರಿನ ಹಳೆಯ ಹೀಟ್‌ಸಿಂಕುಗಳ ರೆಕ್ಕೆಗಳು ಒತ್ತೊತ್ತಾಗಿ ಇರುವುದು ಫ್ಯಾನಿನ ಗಾಳಿಗಾಗಿ. ಫ್ಯಾನು ಕಿತ್ತರೆ ಅವು ಹೆಚ್ಚು ಉಪಯೋಗಕ್ಕೆ ಬಾರವು. ರೆಕ್ಕೆಗಳು ನೆಟ್ಟಗೆ ಮೇಲುಮುಖವಾಗಿರಬೇಕು, ಪೆಟ್ಟಿಗೆಯ ಕೆಳಗೂ ಮೇಲೂ ಗಾಳಿಗೆ ದಾರಿ ಇರಬೇಕು. ಕಪ್ಪು ಅನೊಡೈಸ್ ಮಾಡಿದ ಮೈ ಹೊಳೆಯುವ ಮೈಗಿಂತ ಚೆನ್ನಾಗಿ ಶಾಖವನ್ನು ಸೂಸುತ್ತದೆ ಎಂಬುದು ನಿಜವಾದರೂ, ರೆಕ್ಕೆಗಳು ಒಂದಕ್ಕೊಂದು ಎದುರಾಗಿರುವಲ್ಲಿ ಈ ಲಾಭ ಅಲ್ಪ. ಗಾತ್ರ ಇಮ್ಮಡಿಯಾದರೆ ಶಾಖರೋಧ ಅರ್ಧವಾಗುತ್ತದೆ ಎಂಬ ಎಣಿಕೆಯೂ ಸರಿಯಲ್ಲ, ಅಷ್ಟು ಇಳಿಯುವುದಿಲ್ಲ.

ಬಿಳಿಯ ಹೀಟ್‌ಸಿಂಕ್ ಪೇಸ್ಟನ್ನು ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿಯುವುದುಂಟು. ಲೋಹದ ಮೈಯ ಕಣ್ಣಿಗೆ ಕಾಣದ ಕುಳಿಗಳನ್ನು ತುಂಬುವುದಷ್ಟೇ ಅದರ ಕೆಲಸ. ದಪ್ಪವಾದರೆ ಅದೇ ಅಡ್ಡಿ. ಎಲ್‌ಎಮ್ ೩೮೮೬ರ ಲೋಹದ ಬೆನ್ನು ಋಣ ಸಾಲಿಗೆ ಒಳಗೇ ಸೇರಿಕೊಂಡಿದೆ. ೨ಎನ್ ೩೦೫೫ರಂತಹ ಟ್ರಾನ್ಸಿಸ್ಟರುಗಳಲ್ಲಿ ಕವಚವೇ ಕಲೆಕ್ಟರು. ಆದ್ದರಿಂದ ಅಭ್ರಕದ ಹಾಳೆಯ ಜೊತೆಗೆ ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ ಹಾಕುವುದು ಕಡ್ಡಾಯ. ಬಿಗಿದ ಮೇಲೆ, ವಿದ್ಯುತ್ ಕೊಡುವ ಮೊದಲು, ಬೆನ್ನಿಗೂ ಹೀಟ್‌ಸಿಂಕಿಗೂ ಸಂಪರ್ಕವಿಲ್ಲವೆಂದು ಮಲ್ಟಿಮೀಟರಿನಿಂದ ನೋಡಬೇಕು. ಗುಜರಿಯಿಂದ ತಂದ ಹಳೆಯ ಉಪಕರಣಗಳಲ್ಲಿ ಅಭ್ರಕದ ಬದಲು ಪಿಂಗಾಣಿಯಂತಹ ಬಿಲ್ಲೆ ಇದ್ದರೆ ಅದನ್ನು ಉಜ್ಜಬಾರದು, ಒಡೆಯಬಾರದು. ಅದು ಬೆರಿಲಿಯಂ ಆಕ್ಸೈಡ್ ಆಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಡಿ ವರ್ಗದ ವರ್ಧಕಗಳು ಬಹಳ ಕಡಿಮೆ ಶಾಖ ಹುಟ್ಟಿಸುವುದರಿಂದ ಅವಕ್ಕೆ ಚಿಕ್ಕ ಹೀಟ್‌ಸಿಂಕ್ ಸಾಕು.

ಮೊದಲ ಬಾರಿಗೆ ವಿದ್ಯುತ್ ಕೊಡುವುದು

ಹೊಸದಾಗಿ ಜೋಡಿಸಿದ ಪೂರೈಕೆಯನ್ನು ನೇರವಾಗಿ ಸಾಕೆಟ್ಟಿಗೆ ಸಿಕ್ಕಿಸದೆ, ೬೦ ಅಥವಾ ೧೦೦ ವ್ಯಾಟಿನ ತಂತುವಿನ ಬಲ್ಬನ್ನು ಸರಣಿಯಲ್ಲಿಟ್ಟು ಪರೀಕ್ಷಿಸುವುದು ಎಲೆಕ್ಟ್ರಿಷಿಯನ್ನರ ವಾಡಿಕೆ. ಇದನ್ನು ಸೀರೀಸ್ ಲ್ಯಾಂಪ್ ಎನ್ನುತ್ತಾರೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರುಗಳು ತುಂಬಿಕೊಂಡವು ಎಂದರ್ಥ. ಉರಿಯುತ್ತಲೇ ಇದ್ದರೆ ಎಲ್ಲೋ ತಂತಿ ತಗುಲಿಕೊಂಡಿದೆ ಅಥವಾ ಡಯೋಡು ತಿರುಗುಮುರುಗಾಗಿದೆ. ಮೊದಲು ಬೋರ್ಡಿಲ್ಲದೆ ಎರಡೂ ಸಾಲುಗಳ ವೋಲ್ಟೇಜನ್ನು ಅಳೆಯಬೇಕು. ಅನಂತರ ಬೋರ್ಡನ್ನು ಸೇರಿಸಿ, ಸ್ಪೀಕರಿನ ತಿರುಪುಗಳ ನಡುವೆ ನೇರ ವೋಲ್ಟೇಜನ್ನು ನೋಡಬೇಕು. ಅದು ಕೆಲವೇ ಹತ್ತು ಮಿಲಿವೋಲ್ಟಿನೊಳಗೆ ಇದ್ದರೆ ಮಾತ್ರ ಸ್ಪೀಕರನ್ನು ಜೋಡಿಸಬಹುದು. ಇಡೀ ಸಾಲಿನ ವೋಲ್ಟೇಜು ಅಲ್ಲಿ ಕಂಡರೆ ಸ್ಪೀಕರಿನ ಸುರುಳಿಯು ಕೆಲವು ಸೆಕೆಂಡುಗಳಲ್ಲಿ ಸುಡುತ್ತದೆ. ಕೊನೆಯದಾಗಿ ಅರ್ಧ ಗಂಟೆ ನುಡಿಸಿ ಹೀಟ್‌ಸಿಂಕನ್ನು ಮುಟ್ಟಿ ನೋಡಬೇಕು. ಬೆರಳನ್ನು ಒಂದೆರಡು ಸೆಕೆಂಡು ಇಡಲು ಸಾಧ್ಯವಾದರೆ ಅದು ೬೦ ಡಿಗ್ರಿಯ ಆಸುಪಾಸಿನಲ್ಲಿದೆ ಎಂದು ತಿಳಿಯಬಹುದು.